ಉಪ್ಪಿಟ್ಟು ತಿಂದು ಹೋದವರು

ರವೆ ಹುರಿಯುವ ವಾಸನೆ ಬಂದರೆ ಸಾಕು, ಎಲ್ಲೋ ಯಾರನ್ನೋ ಯಾರೋ ಬೇಡವೆನ್ನುವ ಹೊತ್ತು ಬಂತು ಎಂದು ನನಗೆ ಅನ್ನಿಸಿಬಿಡುತ್ತದೆ. ಹಾಗೆಂದು ಉಪ್ಪಿಟ್ಟಿನ ಮೇಲೆ ನನಗೇನೂ ಹಗೆಯಿಲ್ಲ. ಅದನ್ನು ಕಾಂಕ್ರೀಟು ಎಂದು ಹಂಗಿಸುವವರ ಗುಂಪಿಗೆ ನಾನು ಸೇರಿದವನಲ್ಲ. ಡಚ್ಚರ ದೇಶದ ಟಿಲ್‌ಬರ್ಗ್‌ನಲ್ಲಿ ಓದುತ್ತಿದ್ದಾಗ ಇಡೀ ಒಂದು ಚಳಿಗಾಲವನ್ನು ಉಪ್ಪಿಟ್ಟಿನ ದಯೆಯಿಂದಲೇ ದಾಟಿದವನು ನಾನು. ಆದರೂ ಆ ವಾಸನೆ ಮೂಗಿಗೆ ಬಿದ್ದೊಡನೆ ನಾನು ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಚಾಪೆಯ ತುದಿಗೆ ಕೂತುಬಿಟ್ಟಿರುತ್ತೇನೆ. ಒಳಗೆ ಅಮ್ಮ ರವೆ ಹುರಿಯುತ್ತಿರುತ್ತಾಳೆ. ಹೊರಗೆ ನಮ್ಮ ವಸಂತಕ್ಕನನ್ನು ನೋಡಲು ಬಂದವರು ಕುರ್ಚಿಗಳ ಮೇಲೆ ಕೂತು ಗೋಡೆಯ ಕ್ಯಾಲೆಂಡರನ್ನು ಓದುತ್ತಿರುತ್ತಾರೆ.

ಈ ಬೆಳಗ್ಗೆ ಆಮ್ಸ್ಟರ್‌ಡ್ಯಾಮಿನ ನಮ್ಮ ಮನೆಯಲ್ಲಿ ನನ್ನ ಹೆಂಡತಿ ರವೆ ಹುರಿದಳು. ಒಗ್ಗರಣೆಯ ಮೆಣಸಿನಕಾಯಿ ಘಾಟಿಗೆ ಮಗಳು ಇಂಚರ "ಹೆಟ್ ಸ್ಟಿಂಕ್ಟ್" ಎಂದು ಡಚ್ಚಿನಲ್ಲಿ ತೀರ್ಪು ಕೊಟ್ಟು ಕಿಟಕಿ ತೆರೆದಳು. ನಾರುತ್ತದೆ ಎನ್ನುವುದಕ್ಕೆ ಅವಳಿಗೆ ಕನ್ನಡ ಗೊತ್ತು, ಆದರೆ ಬೈಗುಳಕ್ಕೆ ಡಚ್ಚೇ ಸಲೀಸು. ಕಿಟಕಿಯಾಚೆ ಬೀದಿ ಹಾಳುಬಿದ್ದ ಸಂತೆಯ ಹಾಗಿತ್ತು. ನಿನ್ನೆ ಇಲ್ಲಿ ರಾಜನ ಹುಟ್ಟುಹಬ್ಬ. ಊರಿಗೆ ಊರೇ ಕಿತ್ತಳೆ ಬಣ್ಣ ತೊಟ್ಟು ಬೀದಿಗೆ ಬರುತ್ತದೆ. ಮಕ್ಕಳು ತಮ್ಮ ಹಳೆಯ ಆಟಿಕೆಗಳನ್ನು ಬಟ್ಟೆ ಹಾಸಿ ಹರಡಿಕೊಂಡು ಮಾರುತ್ತವೆ. ಸಂಜೆಗೆ ಯಾರೂ ಕೊಳ್ಳದೆ ಉಳಿದದ್ದನ್ನು ಎಷ್ಟೋ ಜನ ಮನೆಗೆ ಒಯ್ಯದೆ ಅಲ್ಲೇ ಬಿಟ್ಟು ಹೋಗುತ್ತಾರೆ. ಇಂಚರಳ ಬಟ್ಟೆ ಆನೆಯೊಂದು ಈಗಲೂ ಎದುರಿನ ಲೈಟು ಕಂಬಕ್ಕೆ ಒರಗಿ ಕೂತಿತ್ತು. ತರೋಣವೇ ಎಂದು ಕೇಳಿದೆ. "ಯಾರಿಗೂ ಬೇಡ ಪಪ್ಪಾ ಅದು," ಎಂದಳು.

ನೀವು ಕೇಳಬಹುದು, ಒಂದು ತಟ್ಟೆ ಉಪ್ಪಿಟ್ಟಿಗೆ ಇಷ್ಟು ಅಳುಮೋರೆ ಯಾಕೆ ಎಂದು. ಅದಕ್ಕೆ ನನ್ನ ಕೆಲಸ ಏನೆಂದು ಹೇಳಬೇಕಾಗುತ್ತದೆ. ಊರಿನಲ್ಲಿ ಅದನ್ನು ವಿವರಿಸಿ ಮುಗಿಸುವಷ್ಟರಲ್ಲಿ ಕೇಳಿದವರ ಕಾಫಿ ಆರಿ ತಣ್ಣಗಾಗಿರುತ್ತದೆ. ಅಮೆರಿಕದ ಕಾಲೇಜುಗಳಲ್ಲಿ ಫುಟ್‌ಬಾಲ್ ಎಂಬ ಹೆಸರಿನಲ್ಲಿ ಒಂದು ಆಟ ಆಡುತ್ತಾರೆ. ಅದಕ್ಕೂ ಕಾಲಿಗೂ ಅಂಥ ಹತ್ತಿರದ ಸಂಬಂಧವಿಲ್ಲ. ಹೆಲ್ಮೆಟ್ ಹಾಕಿಕೊಂಡ ದೈತ್ಯ ಹುಡುಗರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾರೆ, ನಡುವೆ ಎಲ್ಲೋ ಒಂದು ಚೆಂಡು ಇರುತ್ತದೆ. ಪ್ರತಿ ವರ್ಷ ಏಪ್ರಿಲ್ ಕೊನೆಗೆ ಅಲ್ಲಿನ ವೃತ್ತಿಪರ ತಂಡಗಳು ಮೂರು ದಿನ ಕೂತು, ಸರದಿಯ ಮೇಲೆ ಈ ಹುಡುಗರನ್ನು ಒಬ್ಬೊಬ್ಬರನ್ನಾಗಿ ಆರಿಸಿಕೊಳ್ಳುತ್ತವೆ. ಅದಕ್ಕೆ ಡ್ರಾಫ್ಟ್ ಎಂದು ಹೆಸರು. ಹೆಸರು ಕೂಗಿದರೆ ಹುಡುಗನ ಬದುಕು ಬದಲಾಯಿತು. ಕೂಗದಿದ್ದರೆ ಬಹಳಷ್ಟು ಹುಡುಗರಿಗೆ ಆಟ ಅಲ್ಲಿಗೇ ಮುಗಿಯಿತು.

ಆರಿಸುವ ಮೊದಲು ಹುಡುಗ ಎಂಥವನು ಎಂದು ತಂಡಗಳಿಗೆ ವರದಿ ಬೇಕಲ್ಲ. ದೊಡ್ಡ ಕಾಲೇಜುಗಳಿಗೆ ಅವರದೇ ಜನ ಹೋಗುತ್ತಾರೆ. ಹೆಸರಿಲ್ಲದ ಸಣ್ಣ ಕಾಲೇಜುಗಳ ಆಟ ಮಾತ್ರ ವಿಡಿಯೋ ಆಗಿ ಸಮುದ್ರ ದಾಟಿ, ಇದೇ ಊರಿನ ಸ್ಲೋಟರ್‌ಡೈಕ್ ಸ್ಟೇಷನ್ ಪಕ್ಕದ ನಮ್ಮ ಪುಟ್ಟ ಕಚೇರಿಗೆ ಬರುತ್ತದೆ. ನಾವು ಅದನ್ನು ತುಂಡು ತುಂಡು ಮಾಡಿ ನೋಡಿ, ಹುಡುಗನ ಗುಣದೋಷ ಬರೆದು, ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಅಮೆರಿಕದ ಒಂದು ತಂಡಕ್ಕೆ ಕಳಿಸುತ್ತೇವೆ. ನಮ್ಮ ಸೋದರಮಾವ ಒಮ್ಮೆ ಇದನ್ನೆಲ್ಲ ತಾಳ್ಮೆಯಿಂದ ಕೇಳಿ, "ಅಂದ್ರೆ ಹೆಣ್ಣು ನೋಡೋ ಕೆಲಸ ಅನ್ನು," ಎಂದರು. ನನ್ನ ಕೆಲಸವನ್ನು ಅಷ್ಟು ಚೆನ್ನಾಗಿ ಇನ್ನೊಬ್ಬರು ಹೇಳಿದ್ದಿಲ್ಲ.

ಯಾಕೆಂದರೆ ಎರಡಕ್ಕೂ ಕೂದಲೆಳೆಯ ವ್ಯತ್ಯಾಸ. ನಮ್ಮಲ್ಲಿ ಹುಡುಗಿಯನ್ನು ನೋಡಲು ಬಂದವರು "ಒಂದು ಲೋಟ ನೀರು ತಗೊಂಬಾಮ್ಮ" ಎನ್ನುತ್ತಿದ್ದದ್ದು ಬಾಯಾರಿಕೆಗಲ್ಲ, ಕಾಲು ಕುಂಟೇ ಎಂದು ನೋಡಲು. ಹಾಡು ಹೇಳಿಸುತ್ತಿದ್ದದ್ದು ತೊದಲು ಇದೆಯೇ ಎಂದು ತಿಳಿಯಲು, ಪೇಪರ್ ಓದಿಸುತ್ತಿದ್ದದ್ದು ಕಣ್ಣಿಗಾಗಿ. ಅಮೆರಿಕದವರು ಸುತ್ತು ಬಳಸದೆ ಹುಡುಗರನ್ನು ಚಡ್ಡಿಯಲ್ಲಿ ನಿಲ್ಲಿಸಿ ಅಂಗೈ ಅಗಲ, ತೋಳಿನ ಉದ್ದ ಅಳೆಯುತ್ತಾರೆ, ಓಡಿಸುತ್ತಾರೆ, ಎಗರಿಸುತ್ತಾರೆ, ಕೊನೆಗೆ ಕೋಣೆಯೊಳಗೆ ಕೂರಿಸಿ ಅಪ್ಪ ಏನು ಮಾಡುತ್ತಾನೆ, ಅಮ್ಮ ಎಂಥವಳು ಎಂದು ವಿಚಾರಿಸುತ್ತಾರೆ. ಕೇಸರಿಬಾತು ಒಂದು ಇದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತು.

ಇಂಥ ಕೆಲಸಕ್ಕೆ ನನಗಿದ್ದ ಯೋಗ್ಯತೆಯನ್ನೂ ಹೇಳಿಬಿಡುತ್ತೇನೆ. ರೈಲ್ವೆ ಮೈದಾನದಲ್ಲಿ ಹುಡುಗರು ಎರಡು ಪಕ್ಷವಾಗಿ ಒಬ್ಬೊಬ್ಬರನ್ನೇ ಆರಿಸಿಕೊಳ್ಳುವಾಗ ಕೊನೆಗೆ ಉಳಿಯುತ್ತಿದ್ದವನು ನಾನು. ಎರಡೂ ಕಡೆಯವರು ಮುಖ ಮುಖ ನೋಡಿಕೊಂಡು, "ಇವನು ಆಟಕ್ಕುಂಟು ಲೆಕ್ಕಕ್ಕಿಲ್ಲ," ಎಂದು ರಾಜಿಯಾಗುತ್ತಿದ್ದರು. ಅಮೆರಿಕದ ಆ ಚೆಂಡನ್ನು ನಾನು ಮುಟ್ಟಿದ್ದು ಒಂದೇ ಸಲ. ಕಚೇರಿಯ ಕಪಾಟಿನಿಂದ ಅದೇ ನನ್ನ ಕಾಲ ಮೇಲೆ ಬಿದ್ದಾಗ. ಅಂಥವನು ಈಗ ದೈತ್ಯರಿಗೆ ಅಂಕ ಹಾಕುತ್ತೇನೆ.

ಅರಸೀಕೆರೆಗೆ ವಾಪಸು ಬರುತ್ತೇನೆ. ವಸಂತಕ್ಕ ನನಗಿಂತ ತುಂಬ ದೊಡ್ಡವಳು. ಚಿಕ್ಕವಳಿದ್ದಾಗ ಕಿವಿ ಸೋರಿ ಅವಳ ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿ ಮಾತ್ರ ಎಷ್ಟು ಚುರುಕೆಂದರೆ, ಹಿತ್ತಲಲ್ಲಿ ನಾನು ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದದ್ದು ಮುಂಬಾಗಿಲಲ್ಲಿದ್ದ ಅವಳಿಗೆ ಕೇಳಿಸುತ್ತಿತ್ತು. ಅವಳ ಜೊತೆ ಬಿ.ಎಚ್. ರೋಡಿನಲ್ಲಿ ನಡೆಯುವಾಗ ನಾನು ಯಾವಾಗಲೂ ಅವಳ ಎಡಗಡೆಗಿರಬೇಕು ಎಂಬುದು ಅಮ್ಮನ ಕಟ್ಟಪ್ಪಣೆ. ಆ ಕಡೆಯಿಂದ ಬರುವ ಲಾರಿ ಅವಳಿಗೆ ಕೇಳಿಸದು. ನಾನು ಎದೆ ಉಬ್ಬಿಸಿಕೊಂಡು, ಲಾರಿ ಬಂದರೆ ನನ್ನನ್ನು ನೋಡಿ ತಾನೇ ಪಕ್ಕಕ್ಕೆ ಸರಿಯುತ್ತದೆ ಎಂಬ ಧೈರ್ಯದಲ್ಲಿ ನಡೆಯುತ್ತಿದ್ದೆ.

ಅಪ್ಪ ಸ್ಟೇಷನ್ನಿನಲ್ಲಿ ಬುಕಿಂಗ್ ಕ್ಲರ್ಕು. ಸುಳ್ಳು ಹೇಳುವುದು ಅವರಿಗೆ ಬಾರದ ವಿದ್ಯೆ. ಗಂಡಿನ ಕಡೆಯವರು ಬಂದು, ಉಪ್ಪಿಟ್ಟಿನ ತಟ್ಟೆಗಳು ಬಂದು, ಎಲ್ಲರೂ ಮೊದಲ ತುತ್ತು ಬಾಯಿಗಿಡುವ ಹೊತ್ತಿಗೆ ಸರಿಯಾಗಿ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. "ನೋಡಿ, ಮೊದಲೇ ಹೇಳಿಬಿಡ್ತೀನಿ. ಮಗೂಗೆ ಎಡಗಿವಿ ಕೇಳಿಸಲ್ಲ." ದಲ್ಲಾಳಿ ಸೀತಾರಾಮಯ್ಯನವರು ಕುರ್ಚಿಯ ಕೆಳಗೆ ಅಪ್ಪನ ಕಾಲು ತುಳಿಯುತ್ತಿದ್ದರು. ಚಾಪೆಯ ಮೇಲೆ ಕೂತ ನನಗೆ ಆ ಕಾಲುಗಳು ಮಾತ್ರ ಚೆನ್ನಾಗಿ ಕಾಣುತ್ತಿದ್ದವು.

ಬಂದವರು ಹೋದಮೇಲೆ ಸೀತಾರಾಮಯ್ಯನವರು ತಲೆ ಚಚ್ಚಿಕೊಳ್ಳುತ್ತಿದ್ದರು. "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ ರಾಯರೇ. ನೀವು ಒಂದು ನಿಜ ಹೇಳಿ ಸಾವಿರ ಮದುವೆ ಮುರಿಯೋರು."

"ತಾಳಿ ಕಟ್ಟಿದ ಮೇಲೆ ಗೊತ್ತಾದ್ರೆ ಅವಳ ಗತಿ ಏನ್ರೀ?" ಎನ್ನುತ್ತಿದ್ದರು ಅಪ್ಪ. ಸೀತಾರಾಮಯ್ಯನವರು ಚಪ್ಪಲಿ ಮೆಟ್ಟಿಕೊಂಡು ಇನ್ನೊಂದು ಜಾತಕ ಹುಡುಕಲು ಹೊರಡುತ್ತಿದ್ದರು.

ಬೇಡವೆಂದು ನಮ್ಮ ಕಡೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಿಮಗೆ ಗೊತ್ತಿರುವುದೇ. "ಊರಿಗೆ ಹೋಗಿ ಕಾಗದ ಬರೀತೀವಿ" ಎನ್ನುತ್ತಾರೆ. ಹೋಗುತ್ತಾರೆ. ಕಾಗದ ಬರುವುದಿಲ್ಲ. ಅಪ್ಪ ಮಾತ್ರ ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಏನೋ ನೆಪ ಮಾಡಿಕೊಂಡು ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದರು. ದಾಸವಾಳದ ಗಿಡಕ್ಕೆ ಒಂದೇ ಬೆಳಗ್ಗೆ ಎರಡೆರಡು ಸಲ ನೀರು ಬಿದ್ದು ಕೊನೆಗೆ ಅದರ ಬೇರು ಕೊಳೆಯಿತು.

ಯಾರು ಬರೆಯುತ್ತಾರೆ, ಯಾರು ಬರೆಯುವುದಿಲ್ಲ ಎಂದು ಕಂಡುಹಿಡಿಯುವ ಉಪಾಯವೊಂದನ್ನು ಅಕ್ಕ ನನಗೆ ಗುಟ್ಟಾಗಿ ಹೇಳಿಕೊಟ್ಟಿದ್ದಳು. "ಉಪ್ಪಿಟ್ಟು ಎರಡನೇ ಸಲ ಹಾಕಿಸ್ಕೊಂಡ್ರೆ ಮುಗೀತು ಕಣೋ, ಬರೆಯಲ್ಲ. ಮನಸ್ಸಿರೋರು ನಾಳೆ ಬೀಗರಾಗ್ತೀವಲ್ಲ ಅಂತ ನಾಚ್ಕೊಂಡು ಅರ್ಧ ತಟ್ಟೆ ಬಿಡ್ತಾರೆ. ಬೇಡ ಅಂದ್ಕೊಂಡೋರಿಗೆ ಯಾಕೆ ನಾಚಿಕೆ? ಮತ್ತೆ ಈ ಮನೆಗೆ ಬರಬೇಕಾ?" ನಾನು ಪರೀಕ್ಷಿಸಿ ನೋಡಿದೆ, ಅಕ್ಕ ಹೇಳಿದ್ದು ತಪ್ಪಲಿಲ್ಲ. ಅಪ್ಪನ ನಂಬಿಕೆ ಇದಕ್ಕೆ ತೀರ ತದ್ವಿರುದ್ಧ. ಬಂದವರು ಇನ್ನೊಂದು ಸಟ್ಟುಗ ಹಾಕಿಸಿಕೊಂಡರೆ ಅವರ ಮುಖ ಅರಳುತ್ತಿತ್ತು. ಅಡುಗೆಮನೆಗೆ ಬಂದು, "ಕೇಳಿ ಹಾಕಿಸ್ಕೊಂಡ್ರು ಕಣೇ. ಮನಸ್ಸಿಗೆ ಬಂದಿದೆ," ಎಂದು ಅಮ್ಮನಿಗೆ ಪಿಸುಗುಟ್ಟುತ್ತಿದ್ದರು. ಪಕ್ಕದಲ್ಲಿ ಅಕ್ಕ ಹೊಸ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ ನಿಂತಿರುತ್ತಿದ್ದಳು.

ಅವಳಿಗೆ ಮದುವೆಯಾಗಲಿಲ್ಲ. ಆಗಲಿಲ್ಲವೆಂದು ನನಗೆ ದುಃಖವಿಲ್ಲ. ಪ್ರೈಮರಿ ಶಾಲೆಯ ಟೀಚರಾಗಿ, ಅರ್ಧ ಊರಿಗೆ ಮಗ್ಗಿ ಕಲಿಸಿ, ತನ್ನ ಮನೆಯಲ್ಲಿ ರಾಣಿಯ ಹಾಗಿದ್ದಾಳೆ. ಮಾತು ಬೇಡವೆನಿಸಿದರೆ ಫೋನನ್ನು ಮೆಲ್ಲಗೆ ಎಡಗಿವಿಗೆ ಬದಲಾಯಿಸಿಕೊಂಡು "ಹೂಂ, ಹೂಂ" ಎನ್ನುತ್ತಾಳೆ. ಅಂಥ ಸುಖ ಮದುವೆಯಾದ ಎಷ್ಟು ಜನರಿಗಿದೆ ಹೇಳಿ. ನನಗೆ ದುಃಖವಿರುವುದು ಆ ಸಂಜೆಗಳ ಬಗ್ಗೆ. ಒಬ್ಬ ಹೆಣ್ಣುಮಗಳ ಕೈಲಿ ನೀರು ತರಿಸಿ, ಹಾಡು ಹೇಳಿಸಿ, ತಿಂಡಿ ತಿಂದು, ಏನೂ ಹೇಳದೆ ಎದ್ದುಹೋಗುವುದಿದೆಯಲ್ಲ, ಅದಕ್ಕೆ ಪರಿಹಾರವೇ ಇಲ್ಲ.

ಈಗ ನಮ್ಮ ಯೋಸ್ಟ್‌ನ ಪರಿಚಯ ಮಾಡಿಕೊಡಬೇಕು. ಯೋಸ್ಟ್ ನಮ್ಮ ಕಚೇರಿಯ ಯಜಮಾನ. ಬಾಗಿಲಿಗೆ ತಲೆ ಬಗ್ಗಿಸಿ ಬರುವಷ್ಟು ಎತ್ತರ, ಮಳೆಯಲ್ಲೂ ಸೈಕಲ್ಲು, ಮಧ್ಯಾಹ್ನಕ್ಕೆ ಡಬ್ಬಿಯಲ್ಲಿ ಬ್ರೆಡ್ಡು ಮತ್ತು ಚೀಸು. ಅವನ ಬಾಯಲ್ಲಿ ಬರುವ ಅತಿದೊಡ್ಡ ಹೊಗಳಿಕೆ "ನೀಟ್ ಸ್ಲೆಖ್ಟ್", ಅಂದರೆ ಕೆಟ್ಟದ್ದೇನಲ್ಲ. ಅಮ್ಮ ಹಬ್ಬದ ಅಡುಗೆ ಮಾಡಿ ಬಡಿಸಿ ಮುಖ ನೋಡುತ್ತ ನಿಂತರೆ ಅಪ್ಪ ಹೇಳುತ್ತಿದ್ದ "ಪರವಾಗಿಲ್ಲ" ಇದೆಯಲ್ಲ, ಅದೇ ಇದು. ಯೋಸ್ಟ್‌ನನ್ನು ಮೊದಲ ದಿನ ಕಂಡಾಗಲೇ ಇವನನ್ನು ಎಲ್ಲೋ ನೋಡಿದ್ದೇನೆ ಎನ್ನಿಸಿತ್ತು.

ಈ ದೇಶದಲ್ಲಿ ಅಂಕ ಕೊಡುವ ಪದ್ಧತಿಯೇ ಬೇರೆ. ಹತ್ತು ದೇವರಿಗೆ, ಒಂಬತ್ತು ಮೇಷ್ಟರಿಗೆ, ಉಳಿದದ್ದು ನಮಗೆ ಎಂದು ಇಲ್ಲಿ ತಮಾಷೆಯಾಗಿ ಹೇಳುತ್ತಾರೆ, ಆದರೆ ತಮಾಷೆಯಲ್ಲ. ಇಂಚರಳಿಗೆ ಲೆಕ್ಕದಲ್ಲಿ ಹತ್ತಕ್ಕೆ ಏಳು ಬಂದಾಗ ನಾನು ಹುಳ್ಳಗಿನ ಮುಖ ಹೊತ್ತು ಶಾಲೆಗೆ ಹೋಗಿದ್ದೆ. ನೂರಕ್ಕೆ ತೊಂಬತ್ತೆರಡು ಬಂದರೆ ಉಳಿದ ಎಂಟು ಎಲ್ಲಿ ಹೋಯಿತು ಎಂದು ಕೇಳುವ ನಾಡಿನಿಂದ ಬಂದವನು ನಾನು. ಟೀಚರಮ್ಮ ನನ್ನ ಕಂಗಾಲು ಕಂಡು ಗಾಬರಿಯಾಗಿ, "ಮನೆಯಲ್ಲಿ ಎಲ್ಲ ಸೌಖ್ಯವೇ?" ಎಂದು ಕೇಳಿದರು. ಏಳು ಎಂದರೆ ಒಳ್ಳೆಯದು, ಎಂಟು ಎಂದರೆ ಬಹಳ ಒಳ್ಳೆಯದು ಎಂದು ಅವತ್ತು ಕಲಿತೆ. ಆದರೆ ಇದನ್ನು ಅಮೆರಿಕದವರಿಗೆ ಯಾರೂ ಕಲಿಸಿರಲಿಲ್ಲ.

ಕಳೆದ ಮೂರು ವರ್ಷದಿಂದ ನಾನು ಒಬ್ಬ ಹುಡುಗನನ್ನು ನೋಡುತ್ತ ಬಂದಿದ್ದೆ. ಟೆರೆನ್ಸ್ ಎಂದು ಹೆಸರು. ಸಣ್ಣ ಊರಿನ ಸಣ್ಣ ಕಾಲೇಜು. ಅವನು ಆಡುವ ಜಾಗ ಎಡಬದಿಯ ಕಾವಲು. ಚೆಂಡು ಎಸೆಯುವವನು ಎಸೆಯಲು ಬಲಕ್ಕೆ ತಿರುಗಿ ನಿಂತಾಗ ಎಡಗಡೆಯಿಂದ ಯಾರು ನುಗ್ಗುತ್ತಾರೆಂದು ಅವನಿಗೆ ಕಾಣದು. ಆ ಕಾಣದ ಕಡೆ ನಿಂತು ಬರುವವರನ್ನು ತಡೆಯುವುದು ಟೆರೆನ್ಸ್‌ನ ಕೆಲಸ. ಅವನಿಗೆ ಚೆಂಡು ಮುಟ್ಟುವ ಪ್ರಸಂಗವೇ ಬರುವುದಿಲ್ಲ, ಜನ ಅವನಿಗಾಗಿ ಚಪ್ಪಾಳೆಯನ್ನೂ ತಟ್ಟುವುದಿಲ್ಲ. ಗರ್ಭಗುಡಿಯ ಮುಂದಿನಿಂದ ದೇವರಿಗೆ ಬೆನ್ನು ತೋರಿಸದೆ ಹಿಂದೆ ಹಿಂದೆ ಸರಿಯುತ್ತಾರಲ್ಲ, ಹಾಗೆ ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಹಿಂದಕ್ಕೆ ಸರಿಯುತ್ತ ಅವನು ಕಾಯುತ್ತಿದ್ದ. ಅಷ್ಟು ದೊಡ್ಡ ದೇಹ, ಅಷ್ಟು ಮೆತ್ತನೆಯ ಪಾದ. ಕೆಡವಿದ ಹುಡುಗನನ್ನು ಕೈಹಿಡಿದು ಎಬ್ಬಿಸಿಯೇ ಅವನು ತನ್ನ ಜಾಗಕ್ಕೆ ಮರಳುತ್ತಿದ್ದದ್ದು. ನಾನು ಅವನನ್ನು ಭೇಟಿಯಾದವನಲ್ಲ, ಮಾತಾಡಿದವನಲ್ಲ. ಆದರೂ ನನ್ನ ಹುಡುಗ ಎಂಬ ಅಭಿಮಾನ ಬಂದುಬಿಟ್ಟಿತ್ತು.

ಅಕ್ಕನಿಗೆ ಅವನ ವಿಡಿಯೋ ತುಣುಕು ತೋರಿಸಿದೆ. ಹೊರಗಿನವರಿಗೆ ತೋರಿಸಬಾರದು ಎಂಬ ನಿಯಮವಿದೆ; ಅರಸೀಕೆರೆಯಿಂದ ಗುಟ್ಟು ಯಾವ ತಂಡಕ್ಕೆ ಸೋರೀತು ಎಂದು ತೋರಿಸಿದೆ. ಅವಳು ಆಟದ ತಲೆಬುಡ ಕೇಳಲಿಲ್ಲ. ಎರಡು ಮೂರು ಸಲ ನೋಡಿ, "ಇವನು ಯಾವಾಗ್ಲೂ ಎಡಗಡೆನೇ ನಿಂತ್ಕೋತಾನಾ?" ಎಂದಳು.

"ಹೂಂ. ಅದೇ ಅವನ ಕೆಲಸ."

"ನೀನೂ ಹಂಗೇ ನಡೀತಿದ್ದೆ. ಇಷ್ಟುದ್ದ ಇದ್ದೆ, ಲಾರಿ ತಡೆಯೋನ ಥರ ಎದೆ ಮುಂದೆ ಹಾಕ್ಕೊಂಡು," ಎಂದು ನಕ್ಕಳು. ಆಮೇಲೆ, "ಒಳ್ಳೆ ಹುಡುಗ ಕಣೋ. ಇವನಿಗೆ ಆಗಬೇಕು," ಎಂದಳು. ಅಂದಿನಿಂದ ಅವನು ನಮ್ಮಿಬ್ಬರ ಹುಡುಗನಾದ. ಫೋನು ಮಾಡಿದಾಗಲೆಲ್ಲ, ಇಂಚರ ಹೇಗಿದ್ದಾಳೆ ಎಂದು ಕೇಳಿದ ಮೇಲೆ ಅವನನ್ನೂ ವಿಚಾರಿಸುತ್ತಿದ್ದಳು.

ಡಿಸೆಂಬರಿನಲ್ಲಿ ನಾನು ಅವನಿಗೆ ಒಂಬತ್ತರ ಮೇಲೆ ಅಂಕ ಬರೆದೆ. ನಮ್ಮಲ್ಲಿ ಸೋಮವಾರ ಒಂದು ಸಭೆ ನಡೆಯುತ್ತದೆ. ಎಂಟು ದಾಟಿದ ಅಂಕಗಳನ್ನು ಎಲ್ಲರೂ ಸೇರಿ ಕೆಳಗಿಳಿಸುವುದು ಅದರ ಉದ್ದೇಶ. ಯೋಸ್ಟ್ ವಿಡಿಯೋ ಎಲ್ಲ ನೋಡಿ, ಗದ್ದಕ್ಕೆ ಕೈಕೊಟ್ಟು ಬಹಳ ಹೊತ್ತು ಕೂತು, "ಏಳೂವರೆ," ಎಂದ. ವರದಿಯ ಮೊದಲ ಸಾಲಿಗೆ 'ತೋಳು ಗಿಡ್ಡ' ಎಂದು ಸೇರಿಸಿದ. ದೋಷ ಮೊದಲು, ಗುಣ ಆಮೇಲೆ ಎಂಬುದು ಅವನ ನಿಯಮ. ತೋಳು ಗಿಡ್ಡವೇ ಸರಿ. ಆ ಜಾಗಕ್ಕೆ ನೀಳ ತೋಳಿನವರನ್ನು ಹುಡುಕುತ್ತಾರೆ. ಆದರೆ ಆ ಗಿಡ್ಡ ತೋಳಿನ ಹುಡುಗನನ್ನು ದಾಟಿ ಹೋದವರನ್ನು ನಾನು ಕಂಡದ್ದೇ ಅಪರೂಪ. ಆ ಮಾತು ವರದಿಯ ಕೆಳಗೆ ಎಲ್ಲೋ ಇತ್ತು.

ಏಳೂವರೆ ಎಂದು ಅಕ್ಕನಿಗೆ ಹೇಳಿದರೆ, "ಶನಿ ಹಿಡಿದ ಹಂಗಾಯ್ತಲ್ಲೋ," ಎಂದಳು.

ಫೆಬ್ರವರಿಯಲ್ಲಿ ಅಮೆರಿಕದ ತಂಡದವರೊಬ್ಬರು ಕರೆಮಾಡಿದ್ದರು. ಮಾತಿಗೆ ಮೊದಲು ನಗುವ ಮನುಷ್ಯ. ಮಾತಿನ ನಡುವೆ, ಬೇರೆ ಕಡೆಯಿಂದ ಬರುವ ವರದಿಗಳ ಜೊತೆಗೇ ನಮ್ಮದನ್ನೂ ಇಟ್ಟು ಅಂಕದ ಪ್ರಕಾರ ಜೋಡಿಸುತ್ತೇವೆ ಎಂದರು. ಬೇರೆಯವರ ಅಂಕಗಳು ಎಷ್ಟಿರುತ್ತವೆ ಎಂದು ಕೇಳಿದೆ. ಆರಿಸುವಂಥ ಹುಡುಗನಾದರೆ ಒಂಬತ್ತರಿಂದ ಶುರು ಎಂದರು.

ಫೋನಿಟ್ಟವನೇ ಯೋಸ್ಟ್‌ನ ಮೇಜಿಗೆ ಹೋದೆ. ಅವನ ಏಳೂವರೆ ಅಲ್ಲಿ ಕಸಕ್ಕೆ ಸಮ, ಅಂಕ ಏರಿಸೋಣ ಎಂದೆ. ಅವನು ಬ್ರೆಡ್ಡು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡ.

"ಅವರು ತಪ್ಪಾಗಿ ಓದುತ್ತಾರೆಂದು ನಾವು ತಪ್ಪಾಗಿ ಬರೆಯಬೇಕೇ?"

ನಾನು ನಮ್ಮ ಗಾದೆ ಹೇಳಿದೆ, ಸಾವಿರ ಸುಳ್ಳಿನ ಗಾದೆ. ಅದನ್ನೂ ಅವನು ತಮಾಷೆಯೆಂದುಕೊಳ್ಳಲಿಲ್ಲ. ಹುಬ್ಬು ಗಂಟಿಕ್ಕಿ ಯೋಚಿಸಿ, "ಮದುವೆಯಾದ ಮೇಲೆ ಗೊತ್ತಾದರೆ ಆ ಹುಡುಗಿಯ ಗತಿಯೇನು?" ಎಂದು ಕೇಳಿದ.

ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿದೆ, ಅವರಿಗೆ ಡಚ್ಚೂ ಬರುತ್ತಿರಲಿಲ್ಲ. ಇಲ್ಲಿ ಸ್ಲೋಟರ್‌ಡೈಕಿನಲ್ಲಿ, ಚೀಸ್ ತಿನ್ನುವ ಬಾಯಿಂದ ಅವರದೇ ಮಾತು ಕೇಳುವ ಪಾಡು ನನಗೆ ಬಂತು.

"ನೋಡು," ಎಂದ ಯೋಸ್ಟ್, ಮೆತ್ತಗೆ. "ಆ ಹುಡುಗ ನನಗೂ ತುಂಬ ಇಷ್ಟ. ಅದಕ್ಕೇ ಏಳೂವರೆ ಕೊಟ್ಟದ್ದು. ಆ ಜಾಗಕ್ಕೆ ಅಷ್ಟು ಅಂಕ ನಾನು ಇನ್ನು ಯಾರಿಗೂ ಕೊಟ್ಟಿಲ್ಲ." ಅವನು ಹೇಳಿದ್ದು ನಿಜ. ನಿಜ ಹೇಳುವವರ ಕೈಗೆ ಸಿಕ್ಕವರನ್ನು ದೇವರೇ ಕಾಪಾಡಬೇಕು.

ಆದರೂ ಅವನು ಒಂದಕ್ಕೆ ಒಪ್ಪಿದ. ನಮ್ಮಲ್ಲಿ ಏಳೂವರೆ ಎಂದರೆ ಏನು ಎಂದು ವಿವರಿಸಿ ಒಂದು ಟಿಪ್ಪಣಿ ಬರೆದು ಕಳಿಸಿದೆವು. ಮಾರ್ಚಿನಲ್ಲಿ ಅಮೆರಿಕದಿಂದ ಉತ್ತರ ಬಂತು: ಕುತೂಹಲ ಹುಟ್ಟಿಸುವ ಹುಡುಗ, ಇನ್ನಷ್ಟು ವಿಡಿಯೋ ಕಳಿಸಿ. ಕುಣಿಯುವುದೊಂದು ಬಾಕಿ ನನಗೆ. ಟ್ರ್ಯಾಮಿನಲ್ಲಿ ನಿಂತುಕೊಂಡೇ ಅಕ್ಕನಿಗೆ ಫೋನು ಮಾಡಿದೆ.

"ಅಕ್ಕ, ಅವರಾಗೇ ಕೇಳಿದ್ದಾರೆ. ಇನ್ನೂ ಕಳಿಸಿ ಅಂದಿದ್ದಾರೆ. ಮನಸ್ಸಿಗೆ ಬಂದಿದೆ ಅವರಿಗೆ."

ಆ ಕಡೆ ಸದ್ದಿಲ್ಲ. ಫೋನು ಎಡಗಿವಿಗೆ ಹೋಯಿತೇನೋ ಎಂದುಕೊಂಡೆ. ಆಮೇಲೆ, "ಹೌದಾ. ಒಳ್ಳೇದಾಗ್ಲಿ," ಎಂದು, ತನ್ನ ಬೀದಿಗೆ ನಲ್ಲಿ ನೀರು ಬಾರದ ವಿಷಯಕ್ಕೆ ತಿರುಗಿದಳು. ನಾನು ಟ್ರ್ಯಾಮಿನ ಕಂಬ ಹಿಡಿದು ಹಲ್ಲು ಕಿರಿಯುತ್ತ ಅದನ್ನೆಲ್ಲ ಕೇಳಿದೆ.

ಡ್ರಾಫ್ಟಿನ ಮೊದಲೆರಡು ದಿನ ಅವನ ಹೆಸರು ಬರುವ ನಿರೀಕ್ಷೆ ಇರಲಿಲ್ಲ. ಮೂರನೆಯ ದಿನ ಎಂದರೆ ನಿನ್ನೆ. ಸಂಜೆ, ಬೀದಿಯಲ್ಲಿ ಕಿತ್ತಳೆ ಟೊಪ್ಪಿಗಳು ಮನೆಗೆ ಮರಳುವ ಹೊತ್ತಿಗೆ, ನಾನು ಲ್ಯಾಪ್‌ಟಾಪ್ ಮುಂದೆ ಕೂತೆ. ಒಂದೊಂದೇ ಹೆಸರು ಬರುತ್ತಿತ್ತು. ಎಲ್ಲೋ ಒಂದು ಮನೆಯಲ್ಲಿ ಅಮ್ಮ, ಅಜ್ಜಿ, ತಂಗಿಯರು ಅವನ ಸುತ್ತ ಕೂತಿರುತ್ತಾರೆ, ಮೇಜಿನ ಮೇಲೆ ತಿಂಡಿ ಮಾಡಿಟ್ಟಿರುತ್ತಾರೆ, ನಡುವೆ ಫೋನು ಇರುತ್ತದೆ ಎಂದು ನನಗೆ ಗೊತ್ತು. ನಾವು ವರದಿ ಕಳಿಸುವ ತಂಡದ ಸರದಿ ಬಂತು. ಎಡಬದಿಯ ಕಾವಲಿಗೇ ಒಬ್ಬನನ್ನು ಆರಿಸಿದರು. ನೀಳ ತೋಳಿನ ಹುಡುಗ. ಅವನಿಗೆ ನಾವು ಆರೂವರೆ ಕೊಟ್ಟಿದ್ದೆವು. ಬೇರೆ ಯಾರೋ ಒಂಬತ್ತು ದಾಟಿಸಿದ್ದಿರಬೇಕು.

ಕೊನೆಯ ಹೆಸರಿನವರೆಗೂ ಕೂತೆ. ಟೆರೆನ್ಸ್‌ನ ಹೆಸರು ಬರಲಿಲ್ಲ. ಹೆಸರು ಬಾರದ ಕೆಲವರಿಗೆ ಆಮೇಲೆ ಫೋನು ಬರುವುದುಂಟು. ಅಂಥವರ ಪಟ್ಟಿಗಳನ್ನು ಇವತ್ತು ಎದ್ದಕೂಡಲೇ ಹುಡುಕಿದೆ, ಅದರಲ್ಲೂ ಇಲ್ಲ. ಯೋಸ್ಟ್‌ನಿಂದ ಒಂದು ಸಂದೇಶ ಬಂದಿತ್ತು. "ಯಾಮ್ಮರ್." ಪಾಪ, ಹೀಗಾಗಬಾರದಿತ್ತು ಎನ್ನುವುದನ್ನೆಲ್ಲ ಇಲ್ಲಿಯವರು ಆ ಒಂದು ಪದದಲ್ಲಿ ಮುಗಿಸುತ್ತಾರೆ. ನಾಳೆ ಕಚೇರಿಯಲ್ಲಿ ಟೆರೆನ್ಸ್‌ನ ಮೂರು ವರ್ಷವನ್ನು ಹಳೆಯ ಕಡತಕ್ಕೆ ಸರಿಸಿ, ಮುಂದಿನ ವರ್ಷದ ಹುಡುಗರನ್ನು ನೋಡಲು ಶುರುಮಾಡಬೇಕು. ಅವರಿಗೂ ತೋಳಿರುತ್ತದೆ, ಅಳೆಯಬೇಕು. ನನಗೆ ಈ ಕೆಲಸ ಸಾಕಾಗಿದೆ. ಬಿಡುವ ಹಾಗೂ ಇಲ್ಲ, ಬಿಟ್ಟರೆ ಇನ್ನು ಯಾವುದೂ ನನಗೆ ಬರುವುದಿಲ್ಲ.

ಉಪ್ಪಿಟ್ಟಿನ ತಟ್ಟೆ ಮುಂದಿಟ್ಟುಕೊಂಡು ಅಕ್ಕನಿಗೆ ಫೋನು ಮಾಡಿದೆ. ಅಲ್ಲಿ ಮಧ್ಯಾಹ್ನವಾಗಿತ್ತು.

"ಏನಾಯ್ತೋ ನಮ್ಮ ಹುಡುಗಂದು?"

"ಊರಿಗೆ ಹೋಗಿ ಕಾಗದ ಬರೀತೀವಿ ಅಂದ್ರಕ್ಕ," ಎಂದೆ. ನಗಿಸೋಣವೆಂದೇ ಹೇಳಿದ್ದು.

ಅವಳು ನಗಲಿಲ್ಲ. "ನಂಗೆ ಆವತ್ತೇ ಗೊತ್ತಾಯ್ತು ಕಣೋ," ಎಂದಳು.

"ಯಾವತ್ತು?"

"ಇನ್ನೂ ಕಳಿಸಿ ಅಂತ ಕೇಳಿದ್ರು ಅಂದ್ಯಲ್ಲ, ಆವತ್ತು. ಎರಡನೇ ಸಲ ಹಾಕಿಸ್ಕೊಂಡೋರು ಎಲ್ಲಾದ್ರೂ ಬರೀತಾರಾ?"

ಎದುರಿನ ಕಂಬದ ಬುಡದಿಂದ ಬಟ್ಟೆ ಆನೆಯನ್ನು ಎತ್ತಿ ಕಸದ ಲಾರಿಯವರು ಒಳಗೆಸೆದರು. ಇಂಚರ ನೋಡಿ, ಕಿಟಕಿ ಮುಚ್ಚಿದಳು.

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ ಅಕ್ಕ?"

"ಹೆಂಗೋ ಹೇಳಲಿ? ಅಷ್ಟು ಖುಷಿಯಾಗಿದ್ದೆ ನೀನು," ಎಂದಳು. ಆಮೇಲೆ, "ಅಪ್ಪನೂ ಹಂಗೇ ಖುಷಿಯಾಗಿರೋರು. ಗೇಟ್ ಹತ್ರ ನಿಂತಿರೋರಲ್ಲ, ಅವರಿಗೂ ನಾನು ಯಾವತ್ತೂ ಹೇಳ್ಲಿಲ್ಲ."